ಪರೀಕ್ಷೆ, ಒಂದು ಎರಡು ಮೂರು

ಅಲ್ ವಕ್ರಾ, ಕತಾರ್
10 ಜನವರಿ 2025, ಶುಕ್ರವಾರ

ಹರಿಣಾಕ್ಷಿಗೆ ತನಿಯ ಮಾಮ ಬರೆಯುವುದು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ನಾನು ಹ್ಞೂಂ ಹ್ಞೂಂ ಎಂದೆ. ಅದು ಒಪ್ಪಿಗೆ ಅಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ, ಫೋನ್ ಇಡಬೇಕಿತ್ತು. ಈಗ ಕೂತು ಯೋಚಿಸಿದರೆ ಇದರಲ್ಲಿ ಏನೋ ಉಂಟು ಅನಿಸುತ್ತದೆ. ಹಾಗಾಗಿ ಈಮೇಲಿನಲ್ಲಿ ಬರೆದು ಕೇಳುತ್ತೇನೆ, ನೀನೂ ಬರೆದೇ ಉತ್ತರ ಕೊಡು. ಬಾಯಿಮಾತನ್ನು ನಾಳೆ ಯಾರು ಬೇಕಾದರೂ ತಿರುಗಿಸಬಹುದು. ಇಷ್ಟು ವರ್ಷ ಗಲ್ಫಿನಲ್ಲಿ ಡ್ರೈವರ್ ಆಗಿದ್ದವನಿಗೆ ಅಷ್ಟು ಬುದ್ಧಿ ಬಂದಿರುತ್ತದೆ.

ನನ್ನ ಬ್ಲಾಗು ಚೆನ್ನಾಗಿಯೇ ಉಂಟು. ನಿನ್ನ ತಮ್ಮ ಅಕ್ಷಯ್ ಇಲ್ಲಿಗೆ ವಿಸಿಟಿಗೆ ಬಂದಾಗ ಮಾಡಿಕೊಟ್ಟದ್ದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಐದು ವರ್ಷದಿಂದ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದಿದ್ದೇನೆ. ದೋಹಾದಲ್ಲಿ ಕಿತ್ತು ಹಾಕಿದ ರೌಂಡಬೌಟುಗಳ ಬಗ್ಗೆ ಕನ್ನಡದಲ್ಲಿ ಬರೆದವನು ಬೇರೆ ಯಾರಾದರೂ ಇದ್ದರೆ ತೋರಿಸು. ಶಾಲೆ ವ್ಯಾನು ಓಡಿಸುವಾಗ ದಿನಾ ಸುತ್ತಿದ ರೌಂಡಬೌಟುಗಳು ಅವು. ಈಗ ಅಲ್ಲೆಲ್ಲ ಸಿಗ್ನಲ್ಲು, ಸೇತುವೆ. ಹೊಸದಾಗಿ ಬಂದವರಿಗೆ ಅಲ್ಲೊಂದು ವೃತ್ತ ಇತ್ತು ಎಂದರೆ ನಗುತ್ತಾರೆ.

ಈಗ ಅಕ್ಷಯ್‌ಗೆ ಹಡಗಿನ ಕೆಲಸ ಸಿಕ್ಕಿತು, ಬ್ಲಾಗಿನ ಬೀಗದಕೈ ನಿನ್ನ ಕೈಗೆ ಬಂತು. ಬಂದ ಕೂಡಲೇ ನೀನು ಇಡೀ ಬ್ಲಾಗನ್ನು ಪೆಲಿಕನ್ ಎಂಬ ಯಂತ್ರದಿಂದ ಎಲೆವೆಂಟಿ ಎಂಬ ಯಂತ್ರಕ್ಕೆ ದಾಟಿಸಬೇಕು ಅನ್ನುತ್ತೀ. ಪೆಲಿಕನ್ ಎಂದರೆ ಕೊಕ್ಕಿನ ಕೆಳಗೆ ಚೀಲ ಇರುವ ಹಕ್ಕಿ ಎಂದು ನನ್ನ ರೂಮಿನ ಬೆನ್ನಿ ಹೇಳಿದ. ಎಲೆವೆಂಟಿ ಎಂದರೆ ಎಂತದು? ಇಲೆವೆನ್ ಗೊತ್ತು, ಸೆವೆಂಟಿ ಗೊತ್ತು. ಎರಡನ್ನೂ ಸೇರಿಸಿ ಹೆಸರಿಟ್ಟವನ ಮೇಲೆ ನನಗೆ ನಂಬಿಕೆ ಇಲ್ಲ.

ದಾಟಿಸುವುದಾದರೆ ದಾಟಿಸು. ಆದರೆ ನನ್ನ ಭಾಷೆ ತಿದ್ದಬೇಡ. ಜಾಹೀರಾತು ಅಂಟಿಸಬೇಡ. ಒಂದು ಫೋಟೋ, ಒಂದು ಚುಕ್ಕೆ ಕೂಡ ಕಡಿಮೆ ಆಗಬಾರದು. ಇದಕ್ಕೆ ಒಪ್ಪಿಗೆ ಎಂದು ಬರೆದು ಕಳಿಸಿದ ಮೇಲೆ ಕೈ ಹಾಕು.

ತನಿಯ ಮಾಮ


ಪುತ್ತೂರು
14 ಜನವರಿ 2025

ಮಾಮ,

ಒಪ್ಪಿಗೆ. ಇದೋ ಬರೆದೆ.

ನಿಮ್ಮ ಹಕ್ಕಿ ಸತ್ತಿದೆ. ಅಕ್ಷಯ್‌ನ ಹಳೆ ಲ್ಯಾಪ್‌ಟಾಪಿನಲ್ಲಿದ್ದ ಪೆಲಿಕನ್ ಬಹಳ ಹಳೆಯದು, ನನ್ನ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ. ನೀವು ಹೊಸ ಬರಹ ಕಳಿಸಿದರೆ ಅದನ್ನು ಹಾಕಲು ದಾರಿ ಇಲ್ಲ. ನನಗೆ ಎಲೆವೆಂಟಿ ಗೊತ್ತುಂಟು, ನಮ್ಮ ಪ್ರೆಸ್ಸಿನ ಸೈಟನ್ನು ಅದರಲ್ಲೇ ಮಾಡಿದ್ದೇನೆ.

ಇದರಲ್ಲಿ ಗುಟ್ಟೇನೂ ಇಲ್ಲ. ಅಂಗಡಿಯಲ್ಲಿ ನಾವು ಮದುವೆ ಕಾಗದ ಮಾಡುವ ಹಾಗೆಯೇ. ಮದುಮಗಳ ಹೆಸರು, ದಿನ, ಮುಹೂರ್ತ ಒಂದು ಫೈಲಿನಲ್ಲಿ ಇರುತ್ತದೆ. ಗಣಪತಿ, ಬಳ್ಳಿ, ಬಾರ್ಡರು ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ಪುಟ ಕಟ್ಟಿಕೊಡುವುದು ಯಂತ್ರದ ಕೆಲಸ. ಪೆಲಿಕನ್ ಮಾಡುತ್ತಿದ್ದದ್ದೂ ಅದನ್ನೇ, ಎಲೆವೆಂಟಿ ಮಾಡುವುದೂ ಅದನ್ನೇ. ನಿಮ್ಮ ಬರಹದ ಫೈಲುಗಳನ್ನು ನಾನು ಮುಟ್ಟುವುದಿಲ್ಲ.

ಒಂದೇ ಬದಲಾವಣೆ. ಹಳೆ ಪುಟಗಳ ವಿಳಾಸದ ಕೊನೆಗೆ ಎಚ್‌ಟಿಎಂಎಲ್ ಎಂದು ಒಂದು ಬಾಲ ಇತ್ತು. ಹೊಸ ವಿಳಾಸಕ್ಕೆ ಬಾಲ ಇಲ್ಲ. ಹಳೆ ವಿಳಾಸ ಹಿಡಿದು ಬಂದವರನ್ನು ಹೊಸದಕ್ಕೆ ತಿರುಗಿಸುತ್ತೇನೆ. ನಿಮ್ಮ ಊರಿನ ಡೈವರ್ಶನ್ ಬೋರ್ಡಿನ ಹಾಗೆ ಅಂದುಕೊಳ್ಳಿ.

ನಿಮ್ಮನ್ನು ಕೇಳಿದೆನೆಂದು ತಿಳಿಸಲು ಅಮ್ಮ ಹೇಳಿದಳು. ಮಂಡಿನೋವಿಗೆ ಕಳಿಸಿದ ಎಣ್ಣೆ ಹಚ್ಚುತ್ತೀರಾ?

ಹರಿಣಾಕ್ಷಿ


ಅಲ್ ವಕ್ರಾ
25 ಜನವರಿ 2025

ಹರಿಣಾಕ್ಷಿ,

ಹೊಸ ಬ್ಲಾಗು ನೋಡಿದೆ. ಬೆನ್ನಿಯ ದೊಡ್ಡ ಫೋನಿನಲ್ಲಿಯೂ ನೋಡಿದೆ. ಅಕ್ಷರ ದೊಡ್ಡದಾಗಿದೆ. ಫೋಟೋ ಬೇಗ ಬರುತ್ತದೆ. ಚೆನ್ನಾಗಿ ಉಂಟು ಎಂದು ಬೆನ್ನಿ ಹೇಳಿದ, ನಾನಲ್ಲ.

ನನಗೆ ಅದು ಬಹಳ ಚೊಕ್ಕ ಕಾಣುತ್ತದೆ. ನಾನು ದೋಹಾದ ಓಲ್ಡ್ ಏರ್‌ಪೋರ್ಟ್ ಏರಿಯಾದ ರೂಮಿನಲ್ಲಿದ್ದಾಗ ಒಬ್ಬ ಕ್ಲೀನರ್ ಬರುತ್ತಿದ್ದ. ಅವನು ಚೆನ್ನಾಗಿ ಗುಡಿಸಿದ ದಿನವೆಲ್ಲ ನಮ್ಮದು ಏನಾದರೊಂದು ಕಾಣೆಯಾಗುತ್ತಿತ್ತು. ಕದಿಯುತ್ತಿರಲಿಲ್ಲ, ಕಸ ಎಂದು ಎಸೆಯುತ್ತಿದ್ದ. ಕದ್ದವನನ್ನಾದರೂ ಹಿಡಿಯಬಹುದು.

ಪ್ರತಿ ಪುಟ ತೆರೆದು ನೋಡಿದೆ. ‘ಬಾಳೆಹಣ್ಣು ರೌಂಡಬೌಟು’ ಉಂಟು. ‘ಮದುವೆ ಹಾಲ್ ಹಿಂದಿನದು’ ಉಂಟು. ‘ಮೂರು ಖರ್ಜೂರ ಮರ’ ಉಂಟು. ಈ ಹೆಸರೆಲ್ಲ ನಾವು ಡ್ರೈವರುಗಳು ಇಟ್ಟದ್ದು, ಸರಕಾರದ ಬೋರ್ಡಿನಲ್ಲಿ ಸಿಗುವುದಿಲ್ಲ. ಏನು ಹೋಗಿದೆ ಎಂದು ಇನ್ನೂ ಗೊತ್ತಾಗಲಿಲ್ಲ. ಗೊತ್ತಾದ ದಿನ ಬರೆಯುತ್ತೇನೆ.

ಎಣ್ಣೆ ಹಚ್ಚುತ್ತೇನೆ. ಅದರ ವಾಸನೆಗೆ ಬೆನ್ನಿ ಕಿಟಕಿ ತೆಗೆದಿಟ್ಟು ಎಸಿ ಹಾಳು ಮಾಡುತ್ತಾನೆ ಎಂದು ಅಮ್ಮನಿಗೆ ಹೇಳು.

ತನಿಯ ಮಾಮ


ಅಲ್ ವಕ್ರಾ
7 ಫೆಬ್ರವರಿ 2025, ಶುಕ್ರವಾರ

ಹರಿಣಾಕ್ಷಿ,

ಗೊತ್ತಾಯಿತು.

ನನ್ನ ಬ್ಲಾಗಿನ ಕೆಳಗೆ ಯಾರಾದರೂ ಕಮೆಂಟು ಬರೆದರೆ ನನ್ನ ಫೋನು ಟಿಂಗ್ ಎನ್ನುತ್ತದೆ. ಅಲ್ಲಿಯೇ ಓದಿ ಅಲ್ಲಿಯೇ ಉತ್ತರ ಕುಟ್ಟುತ್ತೇನೆ. ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಮೋನು ಬರೆಯುತ್ತಾನೆ. ಐದು ವರ್ಷದಲ್ಲಿ ಒಂದು ಶುಕ್ರವಾರ ತಪ್ಪಿಸಿದವನಲ್ಲ. ಈಗ ಬ್ಲಾಗು ದಾಟಿಸಿದ ಮೇಲೆ ಒಂದು ಅಕ್ಷರ ಇಲ್ಲ. ಇವತ್ತೂ ಊಟ ಮಾಡದೆ ಫೋನು ಎದುರಿಟ್ಟುಕೊಂಡು ಕೂತೆ. ಬೆನ್ನಿ ಮೀನು ಹುರಿದು ಕರೆದ, ಹೋಗಲಿಲ್ಲ.

ಮೋನು ಯಾರು ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ನನ್ನ ಹಳೆ ರೂಮ್‌ಮೇಟು, ಅವನೂ ವ್ಯಾನ್ ಡ್ರೈವರು, ಉಪ್ಪಿನಂಗಡಿ ಕಡೆಯವನು. ಈಗ ಊರಿನಲ್ಲಿದ್ದಾನೆ. ಅವನು ಬರೆಯದಿದ್ದರೆ ನನಗೆ ಏನೂ ಇಲ್ಲ. ಆದರೆ ಇದ್ದದ್ದು ಇಲ್ಲದೆ ಹೋದರೆ ಕೇಳುವುದು ನನ್ನ ಹಕ್ಕು.

ನೀನು ಏನು ಮಾಡಿದ್ದೀ?

ತನಿಯ


ಪುತ್ತೂರು
11 ಫೆಬ್ರವರಿ 2025

ಮಾಮ,

ಉತ್ತರ ತಡವಾಯಿತು. ಮದುವೆ ಸೀಸನ್ನು, ಅಂಗಡಿಯಲ್ಲಿ ನಿಲ್ಲಲು ಪುರುಸೊತ್ತಿಲ್ಲ.

ಕಮೆಂಟುಗಳು ನಿಮ್ಮ ಬರಹದ ಜೊತೆ ಇರುವುದಲ್ಲ. ಅದನ್ನು ಬೇರೊಂದು ಕಂಪನಿ ಇಟ್ಟುಕೊಂಡಿರುತ್ತದೆ, ಪ್ರತಿ ಪುಟದ ವಿಳಾಸಕ್ಕೆ ಗಂಟು ಹಾಕಿರುತ್ತದೆ. ಬಾಲ ತೆಗೆದಾಗ ಆ ಗಂಟುಗಳನ್ನೂ ಹೊಸ ವಿಳಾಸಕ್ಕೆ ಹಾಕಿಸಿದ್ದೇನೆ. ನಿಮ್ಮ ಬರಹಗಳ ಕೆಳಗಿದ್ದದ್ದೆಲ್ಲ ಹಾಗೆಯೇ ಉಂಟು, ನಾನು ನೋಡಿದೆ. ‘ಮೂರು ಖರ್ಜೂರ ಮರ’ದ ಕೆಳಗೆ ದುಬೈಯ ಒಬ್ಬರು ಬರೆದ ಒಳ್ಳೆಯ ಮಾತು ಕೂಡ ಹೋಗಿಲ್ಲ.

ಆ ಮೋನು ಎಂಬವರಿಗೆ ಏನೋ ಕೆಲಸ ಇರಬಹುದು. ಎಲ್ಲರಿಗೂ ಪ್ರತಿ ಶುಕ್ರವಾರ ಬಿಡುವಾಗುತ್ತದಾ? ಬೇರೆ ಓದುಗರು ಬರುತ್ತಾರೆ, ನಿಮಗೆ ಗೌರವ ಕೊಟ್ಟು ಬರೆಯುವವರು.

ಹರಿಣಾಕ್ಷಿ


ಅಲ್ ವಕ್ರಾ
14 ಫೆಬ್ರವರಿ 2025, ಶುಕ್ರವಾರ

ಹರಿಣಾಕ್ಷಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಇಲ್ಲಿಯ ಟ್ರಾಫಿಕ್ ಪೊಲೀಸರು ನನ್ನನ್ನು ನಿಲ್ಲಿಸಿದಾಗಲೆಲ್ಲ ನಾನೂ ಹೀಗೆಯೇ ಮಾತಾಡುತ್ತಿದ್ದೆ. ಕೇಳಿದ್ದನ್ನು ಬಿಟ್ಟು ಬೇರೆ ಎಲ್ಲದಕ್ಕೂ ಉತ್ತರ.

ನಾನು ಮೋನು ಬಗ್ಗೆ ಕೇಳಿದೆ. ನೀನು ದುಬೈಯವರ ಒಳ್ಳೆಯ ಮಾತು ಅನ್ನುತ್ತೀ. ಮತ್ತೆ, ‘ಗೌರವ ಕೊಟ್ಟು ಬರೆಯುವವರು’. ಮೋನು ಗೌರವ ಕೊಡುವುದಿಲ್ಲ ಎಂದು ನಿನಗೆ ಹೇಗೆ ಗೊತ್ತು? ನಾನು ಹೇಳಿಲ್ಲ. ಹಾಗಾದರೆ ನೀನು ಅವನು ಬರೆದದ್ದನ್ನು ಓದಿದ್ದೀ. ಓದಿಯೂ ಅವನು ಯಾರೋ ಎಂಬಂತೆ ‘ಆ ಮೋನು ಎಂಬವರು’ ಅನ್ನುತ್ತೀ.

ಬೆನ್ನಿಗೆ ಹೇಳಿದೆ. ಯಂತ್ರ ತಾನಾಗಿ ಒಬ್ಬನನ್ನೇ ಆರಿಸಿ ತೆಗೆಯುವುದಿಲ್ಲ, ಮನುಷ್ಯರೇ ತೆಗೆಯಬೇಕು ಎಂದ.

ನನಗೆ ಇನ್ನೊಂದು ಅನುಮಾನ ಉಂಟು, ಅದನ್ನೂ ಬರೆದುಬಿಡುತ್ತೇನೆ. ಇದು ನಿನ್ನ ಅಮ್ಮನ ಕೆಲಸ. ಹೋದ ವರ್ಷದಿಂದ ಅವಳದ್ದು ಒಂದೇ ರಾಗ. ‘ರೌಂಡಬೌಟುಗಳೆಲ್ಲ ಮುಗಿದವಲ್ಲ ಅಣ್ಣ, ಇನ್ನು ಅಲ್ಲಿ ಎಂತ ಉಂಟು, ಬಂದುಬಿಡು.’ ಬ್ಲಾಗಿನಲ್ಲಿ ಯಾರೂ ಮಾತಾಡದಿದ್ದರೆ ಬೇಸರ ಬಂದು ಊರಿಗೆ ಬರುತ್ತೇನೆ ಎಂದು ಲೆಕ್ಕ ಹಾಕಿದ್ದೀರಿ. ನನಗೆ ಇಲ್ಲಿ ಇನ್ನೂ ಕೆಲಸ ಉಂಟು. ಅಲ್ ವುಕೈರಿನ ನರ್ಸರಿ ಮಕ್ಕಳನ್ನು ಬಿಡುವುದು ತರುವುದು ನಾನೇ. ಯಾವತ್ತು ಬರಬೇಕು ಎಂದು ನನಗೆ ಗೊತ್ತುಂಟು.

ನೇರ ಪ್ರಶ್ನೆ ಕೇಳುತ್ತೇನೆ. ಮೋನು ಬರೆದದ್ದು ಎಲ್ಲಿ?

ತನಿಯ


ಪುತ್ತೂರು
16 ಫೆಬ್ರವರಿ 2025

ಮಾಮ,

ನಾನು ತೆಗೆದೆ. ಅಮ್ಮನಿಗೆ ಇದರ ಗಾಳಿಯೂ ಗೊತ್ತಿಲ್ಲ, ಅವಳನ್ನು ಎಳೆಯಬೇಡಿ.

ಆದದ್ದು ಇಷ್ಟು. ನಿಮ್ಮ ಬರಹಗಳನ್ನು ದಾಟಿಸುವಾಗ ಎಲ್ಲಕ್ಕಿಂತ ಹಳೆಯ ಒಂದು ಪುಟ ಸಿಕ್ಕಿತು. ತಲೆಬರಹ ‘ಪರೀಕ್ಷೆ’. ಒಳಗೆ ‘ಪರೀಕ್ಷೆ, ಒಂದು ಎರಡು ಮೂರು’ ಎಂದು ಅಷ್ಟೇ ಇತ್ತು. ಬ್ಲಾಗು ಕೆಲಸ ಮಾಡುತ್ತದಾ ಎಂದು ನೋಡಲು ಅಕ್ಷಯ್ ಹಾಕಿ ಅಳಿಸಲು ಮರೆತದ್ದು. ಪ್ರೆಸ್ಸಿನಲ್ಲಿ ಮೊದಲು ಒಂದು ಹಾಳೆ ಓಡಿಸಿ ಎಸೆಯುತ್ತೇವಲ್ಲ, ಹಾಗೆ. ಎಸೆಯುವ ಮೊದಲು ಕೆಳಗೆ ನೋಡಿದೆ. ಮಾಮ, ಅದರ ಕೆಳಗೆ ಐದು ವರ್ಷದ ಬೈಗಳು ಇತ್ತು. ನಾನು ಓದಿದ್ದರಲ್ಲಿ ಬರೆಯಬಹುದಾದದ್ದನ್ನು ಮಾತ್ರ ಬರೆಯುತ್ತೇನೆ.

‘ಏಯ್ ತನಿಯ, ಬಾಳೆಹಣ್ಣು ರೌಂಡಬೌಟಿನಲ್ಲಿ ಕಾರಂಜಿ ಇತ್ತಂತೆ. ನಿನ್ನ ಅಜ್ಜ ಕಟ್ಟಿಸಿದ್ದಾ? ನಿನಗೆ ಲೈಸೆನ್ಸ್ ಕೊಟ್ಟವನ ಕಣ್ಣಿಗೆ ಮರಳು ಬಿದ್ದಿತ್ತು.’

‘ಸುಳ್ಳ. ಆ ವರ್ಷ ನೀನು ವ್ಯಾನೇ ಓಡಿಸಿಲ್ಲ, ಕಾಲು ಮುರಿದುಕೊಂಡು ರೂಮಿನಲ್ಲಿ ಬಿದ್ದು ನನ್ನ ಗಂಜಿ ತಿನ್ನುತ್ತಿದ್ದೆ.’

‘ನನ್ನ ಫ್ಲೈಟ್ ತಪ್ಪಿಸಿದವನೇ, ನಿನಗೆ ಒಂಟೆಯ ಗಾಡಿ ಕೂಡ ಕೊಡಬಾರದು.’

ನೀವು ಕೊಟ್ಟ ಉತ್ತರಗಳು ಇದಕ್ಕಿಂತ ಚೆನ್ನಾಗಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅಷ್ಟು ದೂರದಲ್ಲಿ ಒಬ್ಬರೇ ಇರುವವರನ್ನು ಯಾರೋ ಕುಡುಕ ವಾರವಾರ ಬೈಯುತ್ತಿದ್ದಾನೆ, ನೀವು ಮರ್ಯಾದೆಗೆ ಯಾರಿಗೂ ಹೇಳದೆ ಸಹಿಸಿದ್ದೀರಿ ಎಂದುಕೊಂಡೆ. ಪುಟವನ್ನು ಬಿಟ್ಟು ಉಳಿದದ್ದನ್ನು ದಾಟಿಸಿದೆ. ನೀವು ಕೇಳಿದಾಗ ಹೇಳಬೇಕಿತ್ತು. ಹೇಳಿದರೆ ಬೊಬ್ಬೆ ಹೊಡೆಯುತ್ತೀರಿ ಎಂದು ಹೇಳಲಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಅಕ್ಷಯ್‌ಗೆ ಮೆಸೇಜು ಹಾಕಿದೆ. ಆ ಪುಟದ ಲಿಂಕನ್ನು ಮೊದಲ ದಿನ ನಿಮ್ಮ ಫೋನಿನಿಂದ ನಿಮ್ಮ ಪರಿಚಯದವರಿಗೆಲ್ಲ ಕಳಿಸಿದ್ದನಂತೆ, ಸರಿಯಾಗಿ ತೆರೆಯುತ್ತದಾ ಎಂದು ಕೇಳಲು. ಮೋನು ಅವರು ಅದನ್ನೇ ಫೋನಿನಲ್ಲಿ ಉಳಿಸಿಕೊಂಡಿರಬೇಕು. ಆ ಪುಟದ ಬದಿಯಲ್ಲಿ ನಿಮ್ಮ ಹೊಸ ಬರಹಗಳ ಹೆಸರು ಬರುತ್ತಿತ್ತು. ಅಲ್ಲಿಂದ ಒಳಗೆ ಹೋಗಿ ಓದುವುದು, ಬೈಯಲು ಮತ್ತೆ ಮೊದಲ ಪುಟಕ್ಕೇ ಬರುವುದು. ಬೇರೆ ಎಲ್ಲಿಯೂ ಅವರು ಒಂದಕ್ಷರ ಬರೆದಿಲ್ಲ.

ಈಗ ಅವರು ಒತ್ತಿದರೆ ಇಂಗ್ಲಿಷಿನಲ್ಲಿ ‘ಈ ಪುಟ ಇಲ್ಲ’ ಎಂದು ಬರುತ್ತದೆ.

ಅವರ ಫೋನ್ ನಂಬರ್ ಕೊಡಿ, ನಾನೇ ಮಾತಾಡಿ ಕ್ಷಮೆ ಕೇಳುತ್ತೇನೆ.

ಹರಿಣಾಕ್ಷಿ


ಅಲ್ ವಕ್ರಾ
17 ಫೆಬ್ರವರಿ 2025

ಹರಿಣಾಕ್ಷಿ,

ಕುಡುಕ. ಹಜ್ ಮಾಡಿ ಬಂದ ಮನುಷ್ಯನನ್ನು ಕುಡುಕ ಮಾಡಿದೆ.

ನಂಬರ್ ಇದ್ದರೆ ನಿನ್ನ ಹತ್ತಿರ ಇಷ್ಟು ದಿನ ಯಾಕೆ ಪತ್ರ ಬರೆಯುತ್ತಿದ್ದೆ? ಅವನ ಹಳೆ ನಂಬರಿಗೆ ಫೋನ್ ಮಾಡಿದರೆ ಈಗ ಯಾರೋ ಹಿಂದಿಯವನು ಎತ್ತುತ್ತಾನೆ. ಹೊಸದು ನಾನು ಕೇಳಲಿಲ್ಲ, ಅವನು ಕೊಡಲಿಲ್ಲ. ಯಾಕೆಂದರೆ ನಾವು ಮಾತು ಬಿಟ್ಟವರು.

ಅವನು ಎಲ್ಲ ಖಲಾಸ್ ಮಾಡಿ ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ಹೋದವನು ನಾನು. ನಾನು ವಕ್ರಾ ರಸ್ತೆ ಎಂದೆ, ಅವನು ಎಫ್ ರಿಂಗ್ ರೋಡು ಎಂದ. ನಾನು ಅರ್ಧ ದಾರಿ ನನ್ನ ಮಾತು ಹಿಡಿದೆ, ಅವನ ಬೊಬ್ಬೆ ತಡೆಯದೆ ಗಾಡಿ ತಿರುಗಿಸಿದೆ. ಅಲ್ಲಿ ರಸ್ತೆ ಅಗೆದು ಹಾಕಿದ್ದರು. ಫ್ಲೈಟು ಹೋಯಿತು. ಏರ್‌ಪೋರ್ಟಿನ ಬಾಗಿಲಲ್ಲಿ ಅವನು ನನಗೆ ಬೈದ, ನಾನು ಅವನಿಗೆ ಬೈದೆ, ಪೊಲೀಸು ಬಂದು ಇಬ್ಬರಿಗೂ ಯಲ್ಲಾ ಯಲ್ಲಾ, ಹೊರಡಿ ಎಂದ. ನಾನು ಗಾಡಿ ಹತ್ತಿ ಬಂದೆ. ಅವನು ಮರುದಿನದ ಫ್ಲೈಟಿಗೆ ಹೋದನಂತೆ. ಅಷ್ಟೇ. ಒಂದೇ ರೂಮಿನಲ್ಲಿ ಅಷ್ಟು ವರ್ಷ ಇದ್ದವರು.

ಆಮೇಲೆ ಒಂದು ಶುಕ್ರವಾರ ಫೋನು ಟಿಂಗ್ ಎಂದಿತು. ‘ತಪ್ಪು ದಾರಿ ಹಿಡಿದದ್ದು ನೀನು’ ಎಂದು ಬರೆದಿದ್ದ. ನಾನು ‘ನೀನು’ ಎಂದು ಬರೆದೆ. ಅಲ್ಲಿಂದ ಶುರು.

ಈಗ ಅವನು ಒತ್ತಿ ನೋಡಿದ್ದಾನೆ. ಪುಟ ಇಲ್ಲ. ತನಿಯ ಬಾಗಿಲು ಹಾಕಿದ ಎಂದು ತಿಳಿದುಕೊಂಡಿದ್ದಾನೆ. ಅವನ ಸ್ವಭಾವ ನನಗೆ ಗೊತ್ತು, ಇನ್ನೊಮ್ಮೆ ತಟ್ಟುವವನಲ್ಲ. ಆದರೂ ಕೈತಪ್ಪಿ ಒಂದು ದಿನ ಒತ್ತಬಹುದು. ಆ ಪುಟವನ್ನು ಇದ್ದ ಜಾಗದಲ್ಲಿಯೇ ಇಡು. ಬಾಲ ಸಮೇತ. ‘ಪರೀಕ್ಷೆ, ಒಂದು ಎರಡು ಮೂರು’ ಎಂಬುದರ ಕೆಳಗೆ ಇದನ್ನು ಹಾಕು, ಅಕ್ಷರ ತಿದ್ದಿದರೆ ನೋಡು:

‘ಏಯ್ ಮೋನು. ಈ ಪುಟ ತೆಗೆದದ್ದು ನಾನಲ್ಲ. ನಿನಗೆ ಹೆದರಿ ಬಾಗಿಲು ಹಾಕುವಷ್ಟು ನಾನಿನ್ನೂ ಮುದುಕನಾಗಿಲ್ಲ. ತಂಗಿಯ ಮಗಳು ಮನೆ ಗುಡಿಸುವಾಗ ನಿನ್ನನ್ನೂ ಗುಡಿಸಿದಳು. ಬಾಳೆಹಣ್ಣು ರೌಂಡಬೌಟಿನಲ್ಲಿ ಕಾರಂಜಿ ಇತ್ತು. ಫ್ಲೈಟ್ ತಪ್ಪಿದ್ದು ನಿನ್ನಿಂದ. ಅಲ್ಲ ಅನ್ನುವುದಾದರೆ ಕೆಳಗೆ ಜಾಗ ಉಂಟು.’

ತನಿಯ


ಪುತ್ತೂರು
17 ಫೆಬ್ರವರಿ 2025

ಮಾಮ,

ಹಾಕಿದೆ. ಹಳೆ ವಿಳಾಸ, ಬಾಲ ಸಮೇತ. ಬೈಗಳೆಲ್ಲ ತಾನಾಗಿ ವಾಪಸು ಬಂದು ಕೂತಿವೆ, ಯಾಕೆಂದರೆ ಅವು ಎಲ್ಲಿಯೂ ಹೋಗಿರಲಿಲ್ಲ, ಪುಟಕ್ಕಾಗಿ ಕಾಯುತ್ತಿದ್ದವು. ನೀವೇ ತೆರೆದು ನೋಡಿ.

ತಪ್ಪಾಯಿತು.

ಹರಿಣಾಕ್ಷಿ


ಅಲ್ ವಕ್ರಾ
14 ಮಾರ್ಚ್ 2025, ಶುಕ್ರವಾರ

ಹರಿಣಾಕ್ಷಿ,

ಇಷ್ಟು ದಿನ ನಾನು ನಿನಗೆ ಬರೆಯಲಿಲ್ಲ. ಸಿಟ್ಟಿನಿಂದ ಅಲ್ಲ, ಬರೆಯಲು ಏನೂ ಇರಲಿಲ್ಲ. ಫೋನು ಸುಮ್ಮನಿತ್ತು. ರಂಜಾನಿನ ನೋಂಬು ಶುರುವಾಯಿತು. ಮೋನು ಇದ್ದಾಗ ಸಂಜೆ ನೋಂಬು ಬಿಡುವಾಗ ನನಗೂ ಒಂದು ಬಟ್ಟಲು ಗಂಜಿ ತೆಗೆದಿಡುತ್ತಿದ್ದ, ‘ಇಡೀ ದಿನ ತಿಂದವನಿಗೆ ಇದೂ ಬೇಕು’ ಎಂದು ಬೈದು. ಈಗ ಅದನ್ನೆಲ್ಲ ಬರೆಯುವುದು ಬೇಡ.

ಇವತ್ತು ಮಧ್ಯಾಹ್ನ ಟಿಂಗ್ ಎಂದಿತು. ಹೀಗೆ ಬಂದಿದೆ:

‘ಪ್ರೀತಿಯ ತನಿಯಣ್ಣನವರಿಗೆ ಸಲಾಂ. ನೀವು ಬರೆದದ್ದು ಓದಿ ಬಹಳ ಸಂತೋಷವಾಯಿತು. ನಾನು ಆರೋಗ್ಯವಾಗಿದ್ದೇನೆ. ಕಾರಂಜಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ ಇರಬಹುದು. ಇಂತಿ ಮೋನು.’

ತನಿಯಣ್ಣನವರು. ನೀವು. ಸರಿ ಇರಬಹುದು.

ಮೋನುವಿನ ಬಾಯಿಯಿಂದ ಇದು ಬರುವುದಿಲ್ಲ. ಅವನನ್ನು ತಲೆಕೆಳಗೆ ನೇತು ಹಾಕಿದರೂ ಬರುವುದಿಲ್ಲ. ಮುದುಕ ಕಾಯುತ್ತಿದ್ದಾನೆ, ಪಾಪ, ಒಂದು ಮಾತು ಬರೆದು ಸಮಾಧಾನ ಮಾಡುವ ಎಂದು ಯಾರೋ ಕೂತು ಬರೆದದ್ದು ಇದು. ಅಂಥವರು ನನಗೆ ಗೊತ್ತಿರುವುದು ಒಬ್ಬಳೇ. ಬೈಗಳು ಕಂಡರೆ ಹೊಟ್ಟೆ ಉರಿಯುವವಳು.

ಹರಿಣಾಕ್ಷಿ, ನೀನು ಇನ್ನೊಂದು ವಿಷಯ ಮುಚ್ಚಿಟ್ಟಿದ್ದರೆ ಈಗಲೇ ಹೇಳು. ಉಪ್ಪಿನಂಗಡಿ ನಿನಗೆ ಬಸ್ಸಿನಲ್ಲಿ ಹೋಗಿ ಬರುವ ದೂರ. ನೀನು ವಿಚಾರಿಸಿರಬಹುದು. ಅವನು ಸತ್ತಿದ್ದರೆ ಸತ್ತ ಎಂದು ಬರೆ. ಸತ್ತವನ ಹೆಸರಿನಲ್ಲಿ ನನಗೆ ಸಲಾಂ ಹೇಳಬೇಡ.

ತನಿಯ


ಪುತ್ತೂರು
15 ಮಾರ್ಚ್ 2025

ಮಾಮ,

ನಾನು ಬರೆದದ್ದಲ್ಲ. ಉಪ್ಪಿನಂಗಡಿಗೆ ಹೋಗಿಲ್ಲ. ಯಾರನ್ನೂ ವಿಚಾರಿಸಿಲ್ಲ. ಅವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಒಂದು ಸಲ ಮುಚ್ಚಿಟ್ಟೆ. ಅದಕ್ಕೆ ಈ ಜನ್ಮ ಇಡೀ ನಾನು ಹೇಳುವುದೆಲ್ಲ ಸುಳ್ಳಾಗಬೇಕಾ? ಬ್ಲಾಗಿನ ಬೀಗದಕೈ ಬೇಕಾದರೆ ಬೆನ್ನಿ ಅವರಿಗೆ ಕೊಡುತ್ತೇನೆ. ನೀವು ನಂಬುವವರ ಕೈಯಲ್ಲಿ ಇರಲಿ. ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹರಿಣಾಕ್ಷಿ


ಅಲ್ ವಕ್ರಾ
21 ಮಾರ್ಚ್ 2025, ಶುಕ್ರವಾರ

ಹರಿಣಾಕ್ಷಿ,

ಬೆನ್ನಿಗೆ ಕೊಡಬೇಡ. ಅವನಿಗೆ ಗ್ಯಾಸ್ ಆಫ್ ಮಾಡಲು ನೆನಪಿರುವುದಿಲ್ಲ.

ನೀನು ಸುಳ್ಳು ಹೇಳುತ್ತಿದ್ದೀ ಎಂದು ನಾನು ಹೇಳುವುದಿಲ್ಲ. ನಿಜ ಹೇಳುತ್ತಿದ್ದೀ ಎಂದೂ ಹೇಳುವುದಿಲ್ಲ. ಆ ಸಲಾಮಿನ ಕೆಳಗೆ ನಾನು ಒಂದು ಪ್ರಶ್ನೆ ಹಾಕಿದ್ದೇನೆ. ಓಲ್ಡ್ ಏರ್‌ಪೋರ್ಟಿನ ನಮ್ಮ ರೂಮಿನ ಬಚ್ಚಲಿನಲ್ಲಿ ಒಂದೇ ನಳ್ಳಿ ಇತ್ತು. ಅದರ ಹಿಡಿಯ ಬಣ್ಣ ಕೆಂಪಾ, ನೀಲಿಯಾ? ಕೆಂಪು ಎಂದು ನನಗೆ ನೆನಪು, ಸರಿಯಾ ಎಂದು ಕೇಳಿದ್ದೇನೆ.

ಇದರ ಉತ್ತರ ನಿನಗೆ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಗೊತ್ತಿಲ್ಲ. ಅಕ್ಷಯ್ ಬರುವಾಗ ನಾನು ಆ ರೂಮು ಬಿಟ್ಟಾಗಿತ್ತು. ಆ ರೂಮಿನಲ್ಲಿದ್ದವರು ಮೋನು ಮತ್ತು ನಾನು. ಕೆಂಪು ಎಂದು ಯಾರಾದರೂ ಒಪ್ಪಿಕೊಂಡರೆ ಅದು ಮೋನು ಅಲ್ಲ. ನೀಲಿ ಎಂದರೂ ಅಲ್ಲ. ಇನ್ನು ಹೆಚ್ಚು ನಿನಗೆ ಬರೆಯುವುದಿಲ್ಲ, ಓದಿ ಉಪಯೋಗಿಸಿಕೊಳ್ಳಬಹುದು.

ತನಿಯ ಮಾಮ


ಅಲ್ ವಕ್ರಾ
11 ಏಪ್ರಿಲ್ 2025, ಶುಕ್ರವಾರ

ಹರಿಣಾಕ್ಷಿಗೆ ತನಿಯ ಮಾಮ ಬರೆಯುವುದು.

ಉತ್ತರ ಬಂತು. ನೀನೂ ನೋಡಿರುತ್ತೀ, ಆದರೂ ಇಲ್ಲಿ ಬರೆಯುತ್ತೇನೆ.

‘ಹಿಡಿ ಎಲ್ಲಿತ್ತು, ಸುಳ್ಳ. ಅದು ಮುರಿದು ಬಿದ್ದು ವರ್ಷಗಳಾಗಿತ್ತು. ಇಕ್ಕಳದಲ್ಲಿ ತಿರುಗಿಸುತ್ತಿದ್ದೆವು. ಆ ಇಕ್ಕಳವನ್ನು ಯಾರೋ ಕದಿಯುತ್ತಾರೆ ಎಂದು ನೀನು ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದೆ. ರೂಮಿನಲ್ಲಿದ್ದದ್ದೇ ಇಬ್ಬರು, ಕದಿಯಲು ನಾನೊಬ್ಬನೇ. ಬೆಳಕು ಹರಿಯುವ ಮೊದಲೇ ಫಜರ್ ನಮಾಜಿಗೆ ಏಳುವ ನಾನು ದಿನಾ ನಿನ್ನ ಮಂಡೆ ಎತ್ತಿ ಅದನ್ನು ತೆಗೆಯಬೇಕಿತ್ತು. ಆ ಮಂಡೆಯ ಭಾರ ನನ್ನ ಕೈಯಲ್ಲಿ ಇನ್ನೂ ಉಂಟು. ಸಲಾಂ ಬರೆದದ್ದು ನನ್ನ ಮಗಳು ಹಬೀಬಾ. ನನ್ನ ಹೊಟ್ಟೆ ಕೊಯ್ದಿದ್ದರು, ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಅಲ್ಲಿ ನನ್ನ ಫೋನು ಒತ್ತುತ್ತಾ ಕೂತವಳಿಗೆ ನಿನ್ನ ಪುಟ ಸಿಕ್ಕಿತು. ನನ್ನ ಬಾಯಿಯಿಂದ ಬಂದದ್ದನ್ನು ಬರೆಯಲು ಅವಳಿಗೆ ನಾಚಿಕೆಯಾಯಿತಂತೆ, ತಾನೇ ಏನೋ ಚಂದ ಮಾಡಿ ಬರೆದಳು. ನೀನು ಬಾಗಿಲು ಹಾಕಿದೆ ಎಂದುಕೊಂಡು ನಾನೂ ಹಾಕಿದ್ದೆ. ಪೆರ್ನಾಲ್ ಹಬ್ಬಕ್ಕೆ ಮನೆಗೆ ಬಂದೆ. ಈಗ ಕೂರಲು ಆಗುತ್ತದೆ, ಹಾಗಾಗಿ ಬೈಯಲೂ ಆಗುತ್ತದೆ. ಕಾರಂಜಿ ಇರಲಿಲ್ಲ.’

ಇದು ಮೋನು. ಇದಕ್ಕೆ ಇನ್ನು ಪರೀಕ್ಷೆ ಬೇಡ.

ಬೆನ್ನಿಗೆ ಓದಿ ಹೇಳಿದೆ. ಅವನು ನಕ್ಕದ್ದು ನಕ್ಕದ್ದೇ. ಆಮೇಲೆ ಎದ್ದು ನನ್ನ ಹಾಸಿಗೆಯ ಹತ್ತಿರ ಹೋಗಿ ಹುಡುಕಿದ. ಇಕ್ಕಳ ಇಲ್ಲಿಯೂ ಉಂಟು. ಈ ಮನೆಯ ನಳ್ಳಿಗಳಿಗೆಲ್ಲ ಹಿಡಿ ಸರಿಯಾಗಿಯೇ ಉಂಟು, ಆದರೂ ಉಂಟು.

ಮೋನುವಿನ ನಂಬರ್ ಈಗಲಾದರೂ ಕೇಳಿ ಎಂದು ಬೆನ್ನಿ ಹೇಳಿದ. ಬೇಡ. ಫೋನಿನಲ್ಲಿ ಬೈದದ್ದನ್ನು ಅವನು ಆಮೇಲೆ ಬೈದೇ ಇಲ್ಲ ಅನ್ನುತ್ತಾನೆ. ಬರೆದಿದ್ದರೆ ಅಲ್ಲೇ ಇರುತ್ತದೆ.

ಆ ಸಲಾಂ ನೀನು ಬರೆದದ್ದಲ್ಲ ಎಂದು ನೀನು ಹೇಳಿದ್ದೆ. ಅದು ನಿಜ. ಬೀಗದಕೈ ನಿನ್ನ ಕೈಯಲ್ಲಿಯೇ ಇರಲಿ. ಮುಂದೆ ಎಂದಾದರೂ ಎಲೆವೆಂಟಿಯೂ ಸತ್ತು ಇನ್ನೊಂದು ಯಂತ್ರಕ್ಕೆ ದಾಟಿಸಬೇಕಾಗಿ ಬಂದರೆ ಎಲ್ಲಕ್ಕಿಂತ ಮೊದಲು ಆ ಪರೀಕ್ಷೆಯ ಪುಟ ದಾಟಲಿ. ರೌಂಡಬೌಟುಗಳು ಆಮೇಲೆ ಬರಲಿ. ಕಿತ್ತು ಹಾಕಿದವು ಹೇಗೂ ಕಾಯುತ್ತವೆ.

ಎಣ್ಣೆ ಮುಗಿದಿದೆ. ಕಳಿಸಲು ಅಮ್ಮನಿಗೆ ಹೇಳು.

ಇನ್ನೊಂದು. ಮೋನು ಬರೆದದ್ದರಲ್ಲಿ ಒಂದು ತಪ್ಪು ಉಂಟು. ಇಕ್ಕಳ ದಿಂಬಿನ ಕೆಳಗೆ ಅಲ್ಲ, ಹಾಸಿಗೆಯ ಕೆಳಗೆ. ಅದನ್ನು ನಾನು ಅಲ್ಲಿಯೇ ಬರೆಯುತ್ತೇನೆ. ನೀನು ಕೈ ಹಾಕಬೇಡ.

ತನಿಯ ಮಾಮ